ತಪ್ಪಿದ ಈಡು ಯಾರದು?

ನಮ್ಮ ಪುರಾಣಗಳಲ್ಲಿ ಗುರಿ ತಪ್ಪಿದ ಬೇಟೆಗಾರರು ಕಡಿಮೆ. ಗುರಿ ಕರಾರುವಾಕ್ಕಾಗಿ ತಾಗಿ, ಆದರೆ ತಾಗಬಾರದವರಿಗೆ ತಾಗಿ ಸಂಕಟಕ್ಕೆ ಸಿಕ್ಕಿಕೊಂಡವರೇ ಹೆಚ್ಚು. ಪಾಂಡು ಕೂಡಿದ್ದ ಜಿಂಕೆಗಳ ಮೇಲೆ ಬಾಣ ಬಿಟ್ಟ. ಜಿಂಕೆಯ ರೂಪದಲ್ಲಿದ್ದವನು ಕಿಂದಮ ಋಷಿ. ಜರನೆಂಬ ಬೇಡ ಕಾಡಿನಲ್ಲಿ ಮಲಗಿದ್ದ ಕೃಷ್ಣನನ್ನು ಜಿಂಕೆಯೆಂದು ಬಗೆದು ಅವನ ಪಾದಕ್ಕೆ ಹೊಡೆದ. ದಶರಥ ಮಳೆಗಾಲದ ಒಂದು ರಾತ್ರಿ ಸರಯೂ ನದಿಯ ದಡದಲ್ಲಿ ಕಾದು ಕೂತಿದ್ದವನು, ಗುಳುಗುಳು ಸದ್ದು ಕೇಳಿ, ಆನೆ ನೀರು ಕುಡಿಯುತ್ತಿದೆ ಎಂದುಕೊಂಡು ಸದ್ದಿಗೇ ಬಾಣ ಹೂಡಿದ. ಸದ್ದು ಹುಡುಗನೊಬ್ಬ ಕೊಡಕ್ಕೆ ನೀರು ತುಂಬುವುದಾಗಿತ್ತು. ಈ ಮೂರು ಕತೆಗಳನ್ನೂ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಕೇಳುವಾಗ ನಮ್ಮ ಗಮನವೆಲ್ಲ ಶಾಪದ ಮೇಲೆ, ಮುಂದೇನಾಯಿತು ಎಂಬುದರ ಮೇಲೆ. ಆದರೆ ಬಾಣ ಬಿಟ್ಟಾದ ಮೇಲೆ, ಮುಂದಿನದು ಆಗುವ ಮೊದಲು, ನಡುವೆ ಒಂದಿಷ್ಟು ಹೊತ್ತು ಇರುತ್ತದಲ್ಲ, ಆಗ ಬೇಟೆಗಾರ ಏನು ಮಾಡಿದ ಎನ್ನುವುದು ನನ್ನನ್ನು ಈಚೆಗೆ ಹೆಚ್ಚು ಕಾಡುತ್ತಿದೆ.

ಪಾಂಡು ಮೊದಲು ವಾದ ಮಾಡಿದ. ರಾಜರು ಬೇಟೆಯಾಡುವುದು ಧರ್ಮ, ಎದುರಿಗೆ ಸಿಕ್ಕ ಮೃಗವನ್ನು ಹೊಡೆದರೆ ದೋಷವಿಲ್ಲ ಎಂದು ಸಾಯುತ್ತಿದ್ದ ಜಿಂಕೆಯ ಮುಂದೆಯೇ ಶಾಸ್ತ್ರ ಹೇಳಿದ. ಪಶ್ಚಾತ್ತಾಪ ಆಮೇಲೆ ಬಂತು. ಜರ ವಾದ ಮಾಡಲಿಲ್ಲ. ಹೊಡೆದ ಬೇಟೆಯನ್ನು ಎತ್ತಲು ಓಡಿಬಂದವನು ಯಾರೆಂದು ತಿಳಿದ ಕೂಡಲೇ ಕಾಲಿಗೆ ಬಿದ್ದ. ದಶರಥನದು ಎಲ್ಲಕ್ಕಿಂತ ಕಷ್ಟದ ದಾರಿ. ಅವನು ಆಗಿನ್ನೂ ಯುವರಾಜ. ನಡುರಾತ್ರಿ, ಜೊತೆಯಲ್ಲಿ ಯಾರೂ ಇಲ್ಲ, ಕಂಡವರಿಲ್ಲ. ಬಾಣ ಕಿತ್ತ ಮೇಲೆ ಹುಡುಗ ಸತ್ತೇ ಹೋದ. ಕೊಡವನ್ನು ಅಲ್ಲೇ ಬಿಟ್ಟು ರಥ ಹತ್ತಿದ್ದರೆ ಕೇಳುವವರು ಯಾರಿದ್ದರು? ಅವನು ಕೊಡಕ್ಕೆ ನೀರು ತುಂಬಿಕೊಂಡ. ಹುಡುಗ ಹೇಳಿದ್ದ ಕಾಲುದಾರಿಯಲ್ಲಿ ಆಶ್ರಮಕ್ಕೆ ನಡೆದ. ಕುರುಡ ತಂದೆ ಹೆಜ್ಜೆಯ ಸಪ್ಪಳ ಕೇಳಿ, ಯಾಕೆ ಮಗನೇ ಇಷ್ಟು ತಡ ಎಂದು ಕೇಳುತ್ತಾನೆ. ಆ ಪ್ರಶ್ನೆಗೆ ದಶರಥ ಕೊಡಬೇಕಾಗಿದ್ದ ಉತ್ತರಕ್ಕಿಂತ ಕಠಿಣವಾದ ಮಾತು ರಾಮಾಯಣದಲ್ಲಿ ಇನ್ನೊಂದಿದೆ ಎಂದು ನನಗೆ ಅನ್ನಿಸುವುದಿಲ್ಲ. ನಾನು ನಿನ್ನ ಮಗನಲ್ಲ ಎಂದು ಮೊದಲು ಹೇಳಬೇಕು. ಯಾರೆಂದು ಹೇಳಬೇಕು. ಏನು ಮಾಡಿದೆನೆಂದು ಹೇಳಬೇಕು. ಮೂರನ್ನೂ ಹೇಳಿದ. ವಾಲ್ಮೀಕಿಯಲ್ಲಿ ಮುದುಕ ಅವನಿಗೆ ಒಂದು ಮಾತು ಹೇಳುತ್ತಾನೆ: ನೀನಾಗಿಯೇ ಬಂದು ಹೇಳದೆ ಹೋಗಿದ್ದರೆ ನಿನ್ನ ತಲೆ ನೂರು ಸಾವಿರ ಹೋಳಾಗುತ್ತಿತ್ತು ಎಂದು. ಬಂದು ಹೇಳಿದ್ದರಿಂದ ತಲೆ ಉಳಿಯಿತು. ಆದರೆ ಶಾಪವೂ ಉಳಿಯಿತು, ಅದನ್ನು ನಾವು ಮರೆಯಬಾರದು. ಒಪ್ಪಿಕೊಂಡ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗಲಿಲ್ಲ.

ಮಲೆನಾಡಿನಲ್ಲಿ ಬೇಟೆ ಕಾನೂನುಬದ್ಧವಾಗಿದ್ದ ಕಾಲದ ಮಾತುಗಳನ್ನು ಕೇಳುತ್ತಾ ಬೆಳೆದವನು ನಾನು. ಸೋವಿನ ಕತೆಗಳು ಅವು. ಒಂದು ಕಡೆಯಿಂದ ಸೋವಿನವರು ನಾಯಿ ಬಿಟ್ಟುಕೊಂಡು, ಕೂಗು ಹಾಕುತ್ತಾ, ಹಳು ಬಡಿಯುತ್ತಾ ಬರುವುದು. ಇನ್ನೊಂದು ಕಡೆ ಕಂಡಿಗಳಲ್ಲಿ ಕೋವಿಯವರು ಬಿಲ್ಲಿಗೆ ನಿಂತಿರುವುದು. ಹಂದಿ ಬಿತ್ತೆಂದರೆ ಜಗಳ ಶುರು. ಒಂದೇ ಹಂದಿಯ ಮೇಲೆ ಮೂರು ಕೋವಿ ಹಾರಿರುತ್ತವೆ, ಮೂವರೂ ‘ನಂದೇ ಈಡು’ ಎನ್ನುತ್ತಾರೆ. ಯಾಕೆಂದರೆ ಈಡಿನವನಿಗೆ ಬೇರೆಯೇ ಪಾಲಿದೆ. ಹಂದಿಯ ಮೈ ತಡವಿ, ಚರೆ ಎಲ್ಲಿ ಹೊಕ್ಕಿದೆ, ಗುಂಡು ಯಾವ ಪಕ್ಕದಿಂದ ಬಂದಿದೆ ಎಂದು ಹಿರಿಯರು ಪಂಚಾಯಿತಿ ಮಾಡಬೇಕು. ಅದೇ ಹಂದಿ ಗಾಯ ಮಾಡಿಕೊಂಡು ತಪ್ಪಿಸಿಕೊಂಡಿತು ಅನ್ನಿ, ಆಗ ಕೇಳಿ ನೋಡಬೇಕು ಯಾರ ಈಡೆಂದು. ಒಬ್ಬ ‘ನಾನು ಹೊಡೆದದ್ದು ಮೇಲಿಂದ ಹೋಯ್ತು ಗೌಡ್ರೆ’ ಎನ್ನುತ್ತಾನೆ. ಇನ್ನೊಬ್ಬನ ಕೇಪು ಹಿಡಿಯಲೇ ಇಲ್ಲ. ಮೂರನೆಯವನು ಕೋವಿಯನ್ನೇ ಎತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಮದ್ದು ಥಂಡಿಯಾಗಿತ್ತು, ಬಿಸಿಲು ಕಣ್ಣಿಗೆ ಹೊಡೆಯಿತು, ನಾಯಿ ಅಡ್ಡ ಬಂತು. ಪಾಲು ಇರುವ ಈಡಿಗೆ ಮೂವರು ಯಜಮಾನರು, ಹೊಣೆ ಇರುವ ಈಡಿಗೆ ಒಬ್ಬನೂ ಇಲ್ಲ.

ಆದರೆ ಅದೇ ಊರುಗಳಲ್ಲಿ ಬೇರೆ ತರಹದವರೂ ಇದ್ದರು. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಶಿಕಾರಿಯನ್ನು ಪೂರ್ತಿ ಕೈಬಿಟ್ಟ ಹಿರಿಯರೊಬ್ಬರು ನನಗೆ ಗೊತ್ತಿದ್ದರು. ಗಾಯದ ಪ್ರಾಣಿಯ ಜಾಡು ಹಿಡಿಯುವುದನ್ನು ಅವರು ಹೇಳುತ್ತಿದ್ದರೆ ಎದುರಿಗೇ ನಡೆದ ಹಾಗೆ ಇರುತ್ತಿತ್ತು. ಈಡು ತಾಗಿತೋ ಇಲ್ಲವೋ ಎಂದು ಪ್ರಾಣಿಯ ಹಿಂದೆ ಓಡಬಾರದಂತೆ. ಮೊದಲು ಅದು ನಿಂತಿದ್ದ ಜಾಗಕ್ಕೆ ಹೋಗಿ ಕೂರಬೇಕು. ಕತ್ತರಿಸಿ ಬಿದ್ದ ಕೂದಲಿದೆಯೇ, ಯಾವ ಬಣ್ಣದ್ದು, ಬೆನ್ನಿನದೋ ಹೊಟ್ಟೆಯದೋ ನೋಡಬೇಕು. ರಕ್ತ ತಿಳಿಗೆಂಪಾಗಿ ನೊರೆ ನೊರೆಯಾಗಿದ್ದರೆ ಶ್ವಾಸಕೋಶ, ದೂರ ಹೋಗಿರುವುದಿಲ್ಲ. ಕಪ್ಪಾಗಿ ಮಂದವಾಗಿದ್ದರೆ ಪಿತ್ತಜನಕಾಂಗ. ರಕ್ತ ಕಡಿಮೆ, ಹಸಿರು ಹಸಿರು, ಸಗಣಿಯ ವಾಸನೆ ಎಂದರೆ ಹೊಟ್ಟೆಗೆ ಬಿದ್ದಿದೆ. ಅದು ಎಲ್ಲಕ್ಕಿಂತ ಕೆಟ್ಟ ಈಡು, ಪ್ರಾಣಿ ದಿನಗಟ್ಟಲೆ ನರಳುತ್ತದೆ. ರಕ್ತ ನೆಲದ ಮೇಲೆ ಮಾತ್ರ ಇದೆಯೋ, ಮೊಣಕಾಲೆತ್ತರದ ಎಲೆಗೆ ಒರೆಸಿದೆಯೋ, ಎಡಗಡೆಯ ಎಲೆಗೋ ಬಲಗಡೆಯದಕ್ಕೋ, ಇದೆಲ್ಲ ಲೆಕ್ಕ. ಎಲೆಯನ್ನು ಬೆರಳ ತುದಿಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಮೂಗಿನ ಹತ್ತಿರ ತರುವುದನ್ನು ಅವರು ಬರಿಗೈಯಲ್ಲೇ ಮಾಡಿ ತೋರಿಸುತ್ತಿದ್ದರು. ಕೊನೆಗೆ ಹೇಳುತ್ತಿದ್ದದ್ದು ಒಂದೇ: ‘ಹೊಡೆದವನೇ ಮುಂದೆ ನಡೀಬೇಕು ಮಾರಾಯ. ಕೂಲಿಯವನನ್ನ ಮುಂದೆ ಬಿಟ್ಟು ನೀನು ಹಿಂದೆ ಕೋವಿ ಹಿಡ್ಕೊಂಡು ಬರೋದಲ್ಲ.’

ಹೊಡೆದವನೇ ಮುಂದೆ ನಡೆಯಬೇಕು. ಕಾಡುಹಂದಿಗೆ ಅನ್ವಯಿಸುವ ಈ ಮಾತು ಹುಲಿಗೆ, ಚಿರತೆಗೆ, ಕಾಟಿಗೆ, ಆನೆಗೆ ನೂರು ಪಾಲು ಹೆಚ್ಚು ಅನ್ವಯಿಸುತ್ತದೆ. ದೊಡ್ಡ ಪ್ರಾಣಿಯ ವಿಷಯದಲ್ಲಿ ತಪ್ಪು ಹೊಡೆದ ಜಾಗದಲ್ಲೇ ಬಿದ್ದಿರುವುದಿಲ್ಲ. ಅದು ಪ್ರಾಣಿಯ ಮೈಯೊಳಗೆ ಸೇರಿಕೊಂಡು ನಡೆದು ಹೋಗುತ್ತದೆ, ಯಾವುದೋ ಊರಿನ ಅಂಚಿಗೆ ಹೋಗಿ ಮುಟ್ಟುತ್ತದೆ. ಅಲ್ಲಿ ಹುಲ್ಲು ಕೊಯ್ಯಲು ಬಂದ ಹೆಂಗಸಿಗೆ ಆ ತಪ್ಪಿನ ಪೂರ್ವಾಪರ ಗೊತ್ತಿರುವುದಿಲ್ಲ.

ಜಿಮ್ ಕಾರ್ಬೆಟ್ ಬರೆದದ್ದನ್ನು ಈ ದೃಷ್ಟಿಯಿಂದ ಮತ್ತೆ ಓದಬೇಕು ಎನ್ನುವುದು ನನ್ನ ಆಸೆ. ಕನ್ನಡಿಗರಿಗೆ ಕಾರ್ಬೆಟ್ ಹೊಸಬನಲ್ಲ. ಪೂರ್ಣಚಂದ್ರ ತೇಜಸ್ವಿಯವರು ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ವನ್ನು ಕನ್ನಡಕ್ಕೆ ತಂದರು, ನಮ್ಮ ಬೆಂಗಳೂರಿನವನೇ ಆದ ಕೆನೆತ್ ಆಂಡರ್ಸನ್‌ನ ಕತೆಗಳನ್ನೂ ಅವರೇ ಮನೆಮಾತು ಮಾಡಿದರು. ಪುತ್ತೂರು ಸೀಮೆಯ ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಕನ್ನಡದ್ದೇ ಸ್ವಂತ ಆಸ್ತಿ. ಇವನ್ನೆಲ್ಲ ನಾವು ಮೈ ಜುಮ್ಮೆನ್ನುವುದಕ್ಕಾಗಿ ಓದಿದ್ದೇ ಹೆಚ್ಚು. ಕೊನೆಯ ಪುಟದಲ್ಲಿ ಹುಲಿ ಬೀಳುತ್ತದೆ, ಪುಸ್ತಕ ಮುಚ್ಚುತ್ತೇವೆ. ಮೊದಲ ಪುಟದಲ್ಲಿ ಆ ಹುಲಿ ಯಾಕೆ ಹಾಗಾಯಿತು ಎಂದು ಬರೆದ ಎರಡು ಸಾಲು ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಚಂಪಾವತದ ಹೆಣ್ಣುಹುಲಿಯನ್ನೇ ತೆಗೆದುಕೊಳ್ಳಿ. ಕಾರ್ಬೆಟ್ ಅದನ್ನು ಕೊಂದದ್ದು 1907ರಲ್ಲಿ. ಅಷ್ಟು ಹೊತ್ತಿಗೆ ಅದು ಕೊಂದವರ ಲೆಕ್ಕ 436. ಸತ್ತ ಹುಲಿಯ ಬಾಯಿ ನೋಡಿದರೆ ಬಲಗಡೆಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು, ಹಳೆಯ ಗುಂಡೇಟಿಗೆ. ಕೋರೆ ಇಲ್ಲದ ಹುಲಿ ಕಡವೆಯ ಕುತ್ತಿಗೆ ಹಿಡಿಯಲಾರದು. ಆ ಗುಂಡು ಹೊಡೆದವನು ಯಾರು? ಅವನ ಹೆಸರು ಎಲ್ಲೂ ಇಲ್ಲ. ಹುಲಿ ಗರ್ಜಿಸಿ ಹಳುವಿಗೆ ನುಗ್ಗಿದ್ದನ್ನು ಅವನು ನೋಡಿರಬಹುದು. ‘ತಾಗಿಲ್ಲ ಬಿಡು’ ಎಂದು ಹೇಳಿಕೊಂಡು ಮನೆಗೆ ಹೋಗಿ ಊಟ ಮಾಡಿ ಮಲಗಿರಬಹುದು. ಮರುದಿನ ಹೋಗಿ ಜಾಡು ನೋಡಿದ್ದರೆ? 436 ಮನೆಗಳ ದುಃಖ ಒಬ್ಬ ಹೆಸರಿಲ್ಲದವನ ಆ ಒಂದು ಸಂಜೆಯಿಂದ ಹೊರಟಿತು. ಅವನು ಕೆಟ್ಟವನೇ ಆಗಿರಬೇಕಿಲ್ಲ. ಗುಂಡು ತಪ್ಪುವುದು ಯಾರಿಗಾದರೂ ಆಗುತ್ತದೆ. ತಾಗಿತೋ ಇಲ್ಲವೋ ಎಂದು ನೋಡದೆ ಹೋದನಲ್ಲ, ನನಗೆ ತಡೆಯಲಾಗದ್ದು ಅದು.

ಇದೇ ಹುಲಿಯ ಕತೆಯಲ್ಲಿ ಇನ್ನೊಂದು ಸಂಗತಿಯಿದೆ. ಅದು ಮೊದಲು ನೇಪಾಳದಲ್ಲಿತ್ತು. ಅಲ್ಲಿ 200 ಜನರನ್ನು ಕೊಂದ ಮೇಲೆ ಶಸ್ತ್ರಧಾರಿಗಳ ದೊಡ್ಡ ಪಡೆ ಸೇರಿ ಅದನ್ನು ಓಡಿಸಿದರು. ಕೊಲ್ಲಲಿಲ್ಲ, ಓಡಿಸಿದರು. ಗಡಿ ದಾಟಿ ಕುಮಾಂವ್‌ಗೆ ಬಂದು ನಾಲ್ಕು ವರ್ಷದಲ್ಲಿ ಇನ್ನೂ 234 ಜನರನ್ನು ಮುಗಿಸಿತು. ನಮ್ಮ ಗದ್ದೆಯಿಂದ ಆಚೆಗೆ ಹೋದರೆ ಸಾಕು ಎಂಬ ಪರಿಹಾರವನ್ನು ನಾವು ಇವತ್ತಿಗೂ ಬಿಟ್ಟಿಲ್ಲ. ಸಕಲೇಶಪುರದ ಕಡೆ ಆನೆಯ ಹಿಂಡನ್ನು ಪಟಾಕಿ ಹೊಡೆದು ಒಂದು ಕಾಫಿ ತೋಟದಿಂದ ಇನ್ನೊಂದು ತೋಟಕ್ಕೆ ದಾಟಿಸುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಬೆಳೆಗಾರರ ಸಂಕಟ ದೊಡ್ಡದು, ಅವರನ್ನು ದೂರುವುದು ಸುಲಭವೂ ಅಲ್ಲ, ನ್ಯಾಯವೂ ಅಲ್ಲ. ಆದರೂ ಆಚೆ ತೋಟದ ಕೂಲಿಯವರು ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ನಡೆದುಬರುತ್ತಿರುತ್ತಾರಲ್ಲ.

ರುದ್ರಪ್ರಯಾಗದ ಚಿರತೆಯ ಕತೆಯಲ್ಲಂತೂ ಇಂಥ ಕೈತಪ್ಪುಗಳ ಸರಮಾಲೆಯೇ ಇದೆ. ಅಲಕನಂದಾ ನದಿಯ ತೂಗುಸೇತುವೆಯ ಎರಡೂ ತುದಿಯ ಗೋಪುರಗಳ ಮೇಲೆ ಇಬ್ಬರು ಕಿರಿಯ ಸೇನಾಧಿಕಾರಿಗಳು ತಿಂಗಳುಗಟ್ಟಲೆ ರಾತ್ರಿ ಕಾದರು. ಕೊನೆಗೊಂದು ರಾತ್ರಿ ಚಿರತೆ ಸೇತುವೆ ಹತ್ತಿತು. ಒಬ್ಬ ಹೊಡೆದ, ಅದು ಸೇತುವೆಯುದ್ದ ಓಡಿತು, ಇನ್ನೊಬ್ಬ ಪಿಸ್ತೂಲು ಖಾಲಿಯಾಗುವವರೆಗೂ ಹೊಡೆದ. ರಕ್ತ ಬಿದ್ದಿತ್ತು. ಚಿರತೆ ಉಳಿಯಿತು, ಕಾಲಿನ ಮೆತ್ತೆಗೆ ಮಾತ್ರ ಗಾಯ. ಆ ಇಬ್ಬರ ಮೇಲೆ ನನಗೆ ಕೋಪವಿಲ್ಲ. ರಾತ್ರಿ ಕಾದರು, ಹೊಡೆದರು, ಬೆಳಿಗ್ಗೆ ಹುಡುಕಿದರು. ಕೋಪ ಬರುವುದು ಇನ್ನೊಬ್ಬನ ಮೇಲೆ. ಅದೇ ಚಿರತೆ ಒಮ್ಮೆ ಗುಹೆಯೊಂದರಲ್ಲಿ ಸಿಕ್ಕಿಬಿದ್ದಿತ್ತು. ಊರವರು ಗುಹೆಯ ಬಾಯಿಗೆ ಮುಳ್ಳಿನ ಗಿಡ, ಕಲ್ಲು ಇಟ್ಟು ಮುಚ್ಚಿ ದಿನಗಟ್ಟಲೆ ಕಾವಲು ಕೂತರು. ಐದನೆಯ ದಿನ ಆ ಸೀಮೆಯ ದೊಡ್ಡ ಮನುಷ್ಯನೊಬ್ಬ ಬಂದ. ಒಳಗೆ ಚಿರತೆಯೂ ಇಲ್ಲ ಏನೂ ಇಲ್ಲ ಎಂದು ಊರವರನ್ನು ಹೀಯಾಳಿಸುತ್ತಾ ಮುಳ್ಳನ್ನು ಎಳೆದು ಹಾಕಿದ. ಚಿರತೆ ಚಂಗನೆ ಹೊರಬಿದ್ದು, ಅಲ್ಲಿ ಸೇರಿದ್ದ ಸುಮಾರು 500 ಜನರ ನಡುವೆಯೇ ದಾರಿ ಮಾಡಿಕೊಂಡು ಹೋಯಿತು. ಸರ್ಕಾರಿ ಲೆಕ್ಕದಲ್ಲಿ ಅದು 1918ರಿಂದ 1926ರವರೆಗೆ ಕೊಂದವರು 125. ಮುಳ್ಳು ತೆಗೆದವನು ಆಮೇಲೆ ಯಾವ ಸಾವಿನ ಮನೆಗಾದರೂ ಹೋಗಿ ಬಾಗಿಲಲ್ಲಿ ನಿಂತನೇ? ಅವನ ಹೆಸರೂ ಕತೆಯಲ್ಲಿಲ್ಲ. ಗೌರವಸ್ಥನೆಂದು ಊರು ಹೆಸರನ್ನು ಮುಚ್ಚಿಟ್ಟಿತು.

ಈಗ ಚೌಗಢಕ್ಕೆ ಬರೋಣ. ನಾನು ಇಷ್ಟು ಹೊತ್ತು ಸುತ್ತು ಹಾಕಿದ್ದು ಇಲ್ಲಿಗೆ ಬರುವುದಕ್ಕಾಗಿ.

ಕುಮಾಂವ್‌ನ ಚೌಗಢ ಸೀಮೆಯಲ್ಲಿ 1925ರ ಕೊನೆಯಿಂದ 1930ರವರೆಗೆ ಒಂದು ಮುದಿ ಹೆಣ್ಣುಹುಲಿ ಮತ್ತು ಬೆಳೆದು ನಿಂತ ಅದರ ಮರಿ ಸೇರಿ 64 ಜನರನ್ನು ಕೊಂದವು. ಕಾರ್ಬೆಟ್ ತನ್ನ ಪುಸ್ತಕದಲ್ಲಿ ಊರೂರಿನ ಪಟ್ಟಿಯನ್ನೇ ಕೊಡುತ್ತಾನೆ, ಊರಿನ ಹೆಸರು, ಮುಂದೆ ಸತ್ತವರ ಸಂಖ್ಯೆ. ಒಂದು, ಎರಡು ಎಂದಿರುವ ಊರುಗಳೇ ಹೆಚ್ಚು, ಅಲ್ಲಲ್ಲಿ ಏಳು, ಎಂಟು. 1929ರಲ್ಲಿ ಅವನು ಡಲ್ಕನಿಯಾ ಎಂಬ ಹಳ್ಳಿಯ ಕಡೆಗೆ ಹೋದ. ಎರಡೂ ಹುಲಿಗಳು ಅವನ ಕಣ್ಣಿಗೆ ಬಿದ್ದವು. ಯಾವುದು ತಾಯಿ, ಯಾವುದು ಮರಿ? ಗಾತ್ರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಒಂದರ ಬಣ್ಣ ಮಾಸಿದ ಹಾಗೆ ತಿಳಿಯಾಗಿತ್ತು. ವಯಸ್ಸಾದ್ದರಿಂದ ಬಣ್ಣ ಇಳಿದಿದೆ, ಅದೇ ಮುದಿ ಹುಲಿ ಎಂದು ತೀರ್ಮಾನಿಸಿ ಹೊಡೆದ. ಗುರಿ ತಪ್ಪಲಿಲ್ಲ. ಹತ್ತಿರ ಹೋಗಿ ನೋಡಿದರೆ ಸತ್ತು ಬಿದ್ದದ್ದು ಮರಿ. ತಾಯಿ ತಪ್ಪಿಸಿಕೊಂಡಿತ್ತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆ ಹೊತ್ತಿನಲ್ಲಿ ಕಾರ್ಬೆಟ್‌ಗೆ ಎಷ್ಟು ದಾರಿಗಳಿದ್ದವು! ನರಭಕ್ಷಕ ಜೋಡಿಯಲ್ಲಿ ಒಂದನ್ನು ಕೊಂದಿದ್ದೇನೆ ಎಂದು ಹೇಳಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಆ ಮರಿಯೂ ತಾಯಿಯ ಜೊತೆ ಸೇರಿ ಕೊಂದಿರಬಹುದು. ಊರವರಿಗೆ ಒಂದು ಹುಲಿ ಕಡಿಮೆಯಾದದ್ದೇ ಹಬ್ಬ. ಅವರು ಅವನನ್ನು ಪ್ರಶ್ನಿಸುವವರಲ್ಲ. ಸರ್ಕಾರ ಕೇಳುವುದಿಲ್ಲ. ಪುಸ್ತಕ ಬಂದದ್ದು 1944ರಲ್ಲಿ, ಘಟನೆಯಾಗಿ ಹದಿನೈದು ವರ್ಷದ ಮೇಲೆ. ಅಷ್ಟರಲ್ಲಿ ಅವನಿಗೆ ಊರೆಲ್ಲ ಹೆಸರು. ಆದರೂ ಅವನು ಬರೆದ. ತಪ್ಪಾಯಿತು ಎಂದಷ್ಟೇ ಬರೆದು ಮುಂದೆ ಹೋಗಲಿಲ್ಲ, ಲೆಕ್ಕ ಕೊಟ್ಟ. ಮುಂದಿನ ಹನ್ನೆರಡು ತಿಂಗಳಲ್ಲಿ ಆ ತಪ್ಪಿಗೆ ಜಿಲ್ಲೆ 15 ಜೀವಗಳನ್ನು ತೆತ್ತಿತು ಎಂದು ಸ್ವತಃ ಹೇಳಿದ. 64ರ ಒಟ್ಟು ಪಟ್ಟಿಯೊಳಗಿಂದ 15ನ್ನು ಬೇರೆ ತೆಗೆದು, ಇದು ನನ್ನ ಬಾಬ್ತು ಎಂದು ತನ್ನ ಹೆಸರಿನ ಮುಂದೆ ಬರೆದುಕೊಂಡ ಹಾಗೆ ಇದೆ ಅದು. ಬೇಟೆಯ ಸಾಹಿತ್ಯದಲ್ಲಿ ಇಂಥದ್ದು ಎಷ್ಟಿದೆ? ಚರ್ಮದ ಉದ್ದ, ಕೊಂಬಿನ ಅಳತೆಗಳಿಗೆ ಅಲ್ಲಿ ಕೊರತೆಯಿಲ್ಲ. ತಾನು ತಪ್ಪಿದ್ದರಿಂದ ಸತ್ತವರ ಸಂಖ್ಯೆಯನ್ನು ಬರೆದವರು ತೀರಾ ವಿರಳ.

ಬರೆದು ಸುಮ್ಮನಾಗಲೂ ಇಲ್ಲ. ಮತ್ತೆ ಮತ್ತೆ ಅದೇ ಬೆಟ್ಟಗಳಿಗೆ ಹೋದ. 1930ರ ಏಪ್ರಿಲ್ 11ರ ಸಂಜೆ, ಕಡಿದಾದ ಹಳ್ಳವೊಂದರಲ್ಲಿ ಬಂಡೆ ಬಳಸಿ ಇಳಿದವನಿಗೆ ಎಂಟೇ ಅಡಿ ದೂರದಲ್ಲಿ ಆ ಹುಲಿ ಎದುರಾಯಿತು. ಎಡಗೈಯಲ್ಲಿ ದಾರಿಯಲ್ಲಿ ಎತ್ತಿಕೊಂಡ ನತ್ತಿಂಗ ಹಕ್ಕಿಯ ಮೊಟ್ಟೆಗಳಿದ್ದವು. ಬಲಗೈಯೊಂದರಲ್ಲೇ ಕೋವಿಯನ್ನು ಹುಲಿಗೆ ಗೊತ್ತಾಗದ ಹಾಗೆ ನಿಧಾನ, ಅತಿ ನಿಧಾನ ತಿರುಗಿಸಿ ಹೊಡೆದ. ಎಲ್ಲರೂ ನೆನಪಿಟ್ಟುಕೊಳ್ಳುವುದು ಈ ಭಾಗವನ್ನೇ, ನಾನೂ ಮೊದಲ ಓದಿನಲ್ಲಿ ಅದನ್ನೇ ನೆನಪಿಟ್ಟುಕೊಂಡಿದ್ದೆ. ಅದರ ನಂತರದ ಸಾಲುಗಳು ಹೆಚ್ಚು ಮುಖ್ಯ. ಸತ್ತ ಹುಲಿಯ ಉಗುರು ಮುರಿದಿತ್ತು, ಒಂದು ಕೋರೆ ಮುರಿದಿತ್ತು, ಮುಂದಿನ ಹಲ್ಲುಗಳು ಬುಡದವರೆಗೆ ಸವೆದಿದ್ದವು. ಹೀಗಿದ್ದರಿಂದಲೇ ಅದಕ್ಕೆ ಒಂದೇ ಏಟಿಗೆ ಕೊಲ್ಲಲು ಆಗುತ್ತಿರಲಿಲ್ಲ. ಅದರ ಬಾಯಿಗೆ ಸಿಕ್ಕ ಜನ ಅರೆಜೀವವಾಗಿ ನರಳಿದರು. ಮರಿ ಜೊತೆಯಲ್ಲಿದ್ದಾಗ ಆ ಕೆಲಸಕ್ಕೆ ಅದರ ನೆರವಿತ್ತು, ಆ ಮರಿಯನ್ನು ತಾನು ತಪ್ಪಿ ಕೊಂದಿದ್ದೆ ಎಂದು ಕಾರ್ಬೆಟ್ ಇಲ್ಲಿ ಮತ್ತೊಮ್ಮೆ ನೆನೆಯುತ್ತಾನೆ. ಗೆದ್ದ ಹೊತ್ತಿನಲ್ಲೂ ಅವನು ಆ ಲೆಕ್ಕ ಮರೆಯಲಿಲ್ಲ. ಸತ್ತವರದಷ್ಟೇ ಅಲ್ಲ, ನರಳಿದವರ ಹೊಣೆಯಲ್ಲೂ ತನ್ನ ಪಾಲಿದೆ ಎಂದು ಕಂಡುಕೊಂಡ.

ತಲ್ಲಾ ದೇಸದ ಹುಲಿಯದು ಇನ್ನೊಂದು ಬಗೆ. ಅಲ್ಲಿ ಅವನು ಎರಡು ಮರಿಗಳನ್ನು ಕೊಂದ, ತಾಯಿಗೆ ಗುಂಡು ಬಿದ್ದರೂ ಅದು ತಪ್ಪಿಸಿಕೊಂಡಿತು. ಅದಕ್ಕೂ ಮೊದಲೇ, ಇನ್ನೊಂದು ಶಿಕಾರಿಯಲ್ಲಿ ಯಾರದೋ ಭಾರಿ ಕೋವಿ ಕಿವಿಯ ಪಕ್ಕದಲ್ಲೇ ಸಿಡಿದು ಅವನ ಕಿವಿಯ ತಮಟೆ ಹರಿದಿತ್ತು. ಒಳಗೆ ಕೀವು ಕಟ್ಟಿ ತಲೆ, ಮುಖ, ಕುತ್ತಿಗೆ ಬಾತು ಒಂದು ಕಣ್ಣು ಮುಚ್ಚಿಹೋಗಿತ್ತು. ಆ ಸ್ಥಿತಿಯಲ್ಲೇ ಗಾಯದ ಹುಲಿಯ ಹಿಂದೆ ದಿನಗಟ್ಟಲೆ ಸುತ್ತಿದ. ಬೆಳದಿಂಗಳಲ್ಲೂ ನಡೆದ. ಮರದ ಮೇಲೆ ಕೂತಿದ್ದಾಗ ಬಾವು ಒಡೆಯಿತು. ಹುಲಿ ಬಿದ್ದ ಮೇಲೆಯೇ ವಾಪಸಾದದ್ದು. ಹಿರಿಯರು ಹೇಳುತ್ತಿದ್ದ ‘ಹೊಡೆದವನೇ ಮುಂದೆ ನಡೀಬೇಕು’ ಎಂಬುದರ ಪೂರ್ತಿ ಬೆಲೆ ಏನೆಂದು ಇದನ್ನು ಓದಿದಾಗ ತಿಳಿಯುತ್ತದೆ.

ಕಾರ್ಬೆಟ್‌ನನ್ನು ದೇವರ ಪಟ್ಟಕ್ಕೆ ಏರಿಸುವುದು ನನ್ನ ಉದ್ದೇಶವಲ್ಲ. ಇದೇ 1930ರಲ್ಲಿ ಅವನು ಪವಲಗಢದ ಗಂಡುಹುಲಿಯನ್ನು ಹೊಡೆದ. ಅದು ಯಾರನ್ನೂ ತಿಂದಿರಲಿಲ್ಲ. ಬಹಳ ದೊಡ್ಡದು, ಬಹಳ ಚೆಲುವಾದದ್ದು, ಅನೇಕ ಬೇಟೆಗಾರರು ಕಣ್ಣಿಟ್ಟದ್ದು, ಅಷ್ಟೇ ಅದರ ಅಪರಾಧ. ಅದನ್ನು ಅವನು ತಪ್ಪುಗಳ ಸಾಲಿಗೆ ಸೇರಿಸಲಿಲ್ಲ, ಅವನ ಕಾಲವೂ ಸೇರಿಸಲಿಲ್ಲ. ನನ್ನ ಮಟ್ಟಿಗೆ ಅದು ಚೌಗಢದ್ದಕ್ಕಿಂತ ದೊಡ್ಡ ತಪ್ಪು. ಚೌಗಢದಲ್ಲಿ ಕಣ್ಣು ಮೋಸ ಹೋಯಿತು, ಪವಲಗಢದಲ್ಲಿ ಕಣ್ಣು ಸರಿಯಾಗಿಯೇ ಇತ್ತು. ಮುಂದೆ ಅವನು ಕೋವಿಗಿಂತ ಹೆಚ್ಚಾಗಿ ಸಿನಿಮಾ ಕ್ಯಾಮೆರಾ ಹಿಡಿದು ಹುಲಿಗಳ ಹಿಂದೆ ಹೋದ. ಅದು ಒಂದು ಬಗೆಯ ಉತ್ತರವೆಂದು ಬೇಕಾದವರು ತಿಳಿಯಬಹುದು.

ಈ ಕಾಲದ ಮಾತು ಬೇರೆ. ಶಿಕಾರಿ ಅಪರಾಧವಾಗಿ ಐವತ್ತು ವರ್ಷ ದಾಟಿತು. ಆದರೂ ಮಲೆನಾಡಿನ, ಕೊಡಗಿನ ಪತ್ರಿಕೆಗಳಲ್ಲಿ ಒಂದು ಬಗೆಯ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ: ರಾತ್ರಿ ಶಿಕಾರಿಗೆ ಹೋಗಿದ್ದ ಗುಂಪಿನಲ್ಲಿ ಒಬ್ಬನಿಗೆ ಗುಂಡು ತಗುಲಿ ಸಾವು. ಹಂದಿಯೆಂದೋ ಕಡವೆಯೆಂದೋ ಹಳು ಅಲ್ಲಾಡಿದ ಕಡೆ ಹೊಡೆದದ್ದು, ಅಲ್ಲಿದ್ದವನು ಗೆಳೆಯ. ದಶರಥನ ತಪ್ಪೇ, ಬ್ಯಾಟರಿ ಬೆಳಕಿನಲ್ಲಿ. ಮೊದಲ ಹೇಳಿಕೆ ಸಾಮಾನ್ಯವಾಗಿ ‘ಕಾಲು ಜಾರಿ ಬಿದ್ದ, ಅವನ ಕೋವಿಯೇ ಹಾರಿತು’ ಎಂದಿರುತ್ತದೆ. ನಿಜವಾಗಿ ಜಾರಿ ಬಿದ್ದವರೂ ಇರುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಶಿಕಾರಿಯೇ ಕಾನೂನುಬಾಹಿರವಾದ್ದರಿಂದ ಭಯ ಇಮ್ಮಡಿಯಾಗುತ್ತದೆ. ಗಾಯಾಳುವನ್ನು ಆಸ್ಪತ್ರೆಗೆ ಒಯ್ದರೆ ಕೇಸು, ಒಯ್ಯದಿದ್ದರೆ ಜೀವ ಹೋಗುತ್ತದೆ. ಆ ಚೌಕಾಸಿಯಲ್ಲಿ ಕಳೆಯುವ ಅರ್ಧ ಗಂಟೆಯೇ ಎಷ್ಟೋ ಸಲ ಪ್ರಾಣ ತೆಗೆಯುವುದು. ಸತ್ತವನ ತಾಯಿ ಒಳಗೆ ಚಾಪೆಯ ಮೇಲೆ ಬಿದ್ದಿದ್ದಾಗ ಹೊಡೆದವನೇ ಹೊರಗೆ ಚಪ್ಪರ ಕಟ್ಟುತ್ತಿರುತ್ತಾನೆ. ಊರಿಗೆಲ್ಲ ಗೊತ್ತಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಇಂಥ ಮೌನಕ್ಕೆ ನಮ್ಮ ಕಡೆ ಊರಿನ ಮರ್ಯಾದೆ ಎಂದು ಹೆಸರು. ಆ ತಾಯಿಗೆ ತನ್ನ ಮಗ ಹೇಗೆ ಸತ್ತ ಎಂದು ತಿಳಿಯುವ ಹಕ್ಕಿಲ್ಲವೇ? ಕುರುಡ ಮುದುಕನಿಗಾದರೂ ರಾಜಕುಮಾರನೊಬ್ಬ ಬಂದು ಹೇಳಿದ.

ಇಂದು ದೊಡ್ಡ ಪ್ರಾಣಿಯ ಹಿಂದೆ ಅಧಿಕೃತವಾಗಿ ಹೋಗುವುದು ಅರಣ್ಯ ಇಲಾಖೆಯ ಕಾರ್ಯಾಚರಣೆಗಳು ಮಾತ್ರ. ಅವುಗಳಲ್ಲಿ ಚೌಗಢದ ತಪ್ಪಿಗೆ ಮದ್ದು ಸಿಕ್ಕಿದೆ. ಪ್ರತಿ ಹುಲಿಯ ಪಟ್ಟೆಯೂ ಬೇರೆ ಬೇರೆ, ಒಂದರಂತೆ ಇನ್ನೊಂದಿಲ್ಲ. ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಲ್ಲಿ ಪಟ್ಟೆ ಹೋಲಿಸಿ ಹುಲಿಗಳನ್ನು ಎಣಿಸುವ ಕ್ರಮವನ್ನು ಉಲ್ಲಾಸ ಕಾರಂತರು 1990ರ ದಶಕದ ಮೊದಲಲ್ಲಿ ನಮ್ಮ ನಾಗರಹೊಳೆಯಲ್ಲೇ ಬೆಳೆಸಿದರು. ಈಗ ಜನರನ್ನು ಕೊಂದ ಹುಲಿಯನ್ನು ಹಿಡಿಯುವ ಮೊದಲು ಅದೇ ಹುಲಿ ಹೌದೇ ಎಂದು ಚಿತ್ರ ಇಟ್ಟು ನೋಡಬೇಕೆಂದು ಹುಲಿ ಸಂರಕ್ಷಣಾ ಪ್ರಾಧಿಕಾರದ ನಿಯಮವೇ ಇದೆ. ಗುಂಡು ಕೊನೆಯ ಉಪಾಯ. 2019ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಇಬ್ಬರು ರೈತರನ್ನು ಕೊಂದ ಹುಲಿಯನ್ನು ಸಾಕಾನೆಗಳ ನೆರವಿನಿಂದ ಹುಡುಕಿ, ಅರಿವಳಿಕೆ ಕೊಟ್ಟು ಜೀವಂತ ಹಿಡಿದರು. ಕಾರ್ಬೆಟ್ ಒಂದು ಕ್ಷಣದಲ್ಲಿ ಬಣ್ಣ ನೋಡಿ ಮಾಡಬೇಕಾಗಿದ್ದ ತೀರ್ಮಾನವನ್ನು ಈಗ ಮೇಜಿನ ಮೇಲೆ ನಿಧಾನವಾಗಿ ಮಾಡಬಹುದು.

ಹಾಗೆಂದು ತಪ್ಪುಗಳು ನಿಂತಿಲ್ಲ, ನಿಲ್ಲುವುದೂ ಇಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆ ನಡೆಯುತ್ತಿದ್ದಾಗ ಅರ್ಜುನ ಸತ್ತ. ಎಂಟು ಸಲ ಮೈಸೂರು ದಸರೆಯ ಅಂಬಾರಿ ಹೊತ್ತ ಆನೆ, ಕಾಡಾನೆಯೊಡನೆ ಕಾದಾಡಿ ಬಿದ್ದ. ನಾಡಿಗೆ ನಾಡೇ ಅತ್ತಿತು, ನಾನೂ ಅತ್ತೆ. ಎಲ್ಲಿ ಎಡವಟ್ಟಾಯಿತು ಎಂದು ಜನ ಕೇಳಿದರು. ಆ ವಯಸ್ಸಿನ ಆನೆಯನ್ನು ಅಲ್ಲಿಗೆ ಕರೆದೊಯ್ಯಬೇಕಿತ್ತೇ, ಅರಿವಳಿಕೆ ಯಾವಾಗ ಹೊಡೆದರು, ಉಳಿದ ಆನೆಗಳು ಯಾಕೆ ಹಿಂದೆ ಸರಿದವು, ಹೀಗೆ ನೂರು ಪ್ರಶ್ನೆ. ಸ್ಮಾರಕ ಬೇಕೆಂಬ ಕೂಗೂ ಎದ್ದಿತು.

ಸ್ಮಾರಕ ಇರಲಿ. ನನಗೆ ಅದಕ್ಕಿಂತ ಹೆಚ್ಚಾಗಿ ಬೇಕಾದದ್ದು ಕೆಲವೇ ಪುಟಗಳ ಒಂದು ಬರಹ, ಇಂಥ ಪ್ರತಿ ಕಾರ್ಯಾಚರಣೆಯ ನಂತರವೂ. ಕಚೇರಿಯ ಕಡತದ ಭಾಷೆಯಲ್ಲಲ್ಲ, ಮಾವುತರು, ಕಾವಾಡಿಗಳು, ತೋಟದ ಕೆಲಸದವರು ಓದಿದರೆ ಅಥವಾ ಓದಿಸಿ ಕೇಳಿದರೆ ತಿಳಿಯುವ ಕನ್ನಡದಲ್ಲಿ. ಯಾರು ಎಲ್ಲಿ ನಿಂತಿದ್ದರು, ಹೋಗೋಣ ಎಂದು ತೀರ್ಮಾನಿಸಿದ್ದು ಯಾರು, ಯಾವ ಹೊತ್ತಿನಲ್ಲಿ ಏನು ತಪ್ಪಿತು, ಆ ತಪ್ಪು ಯಾರ ಮೇಲೆ ಹೋಗಿ ಬಿತ್ತು. ಬರೆದವರು ಕೆಳಗೆ ತಮ್ಮ ಹೆಸರು ಹಾಕಬೇಕು. ಅದನ್ನು ಆ ಊರಿನ ಗ್ರಾಮಸಭೆಯಲ್ಲಿ ಓದಬೇಕು, ಸತ್ತವರ ಮನೆಯವರು ಮುಂದಿನ ಸಾಲಿನಲ್ಲಿ ಕೂತಿರುವಾಗ. ಒಪ್ಪಿಕೊಂಡವರನ್ನು ಆ ಕಾರಣಕ್ಕೇ ಬಲಿ ಹಾಕಬಾರದು, ಹಾಗೆ ಮಾಡಿದರೆ ಮುಂದಿನ ಸಲ ಎಲ್ಲರ ಕೇಪೂ ಥಂಡಿಯಾಗಿರುತ್ತದೆ. ಮುಂದಿನ ತಂಡ ಕಾಡಿಗೆ ಇಳಿಯುವ ಮೊದಲು ಹಿಂದಿನ ತಂಡ ಬರೆದದ್ದನ್ನು ಓದಿಕೊಂಡೇ ಇಳಿಯಬೇಕು. ಯಸಳೂರಿನ ಕಾಫಿ ತೋಟಗಳಿಗೆ ಆನೆ ಈ ವರ್ಷವೂ ಬರುತ್ತದೆ, ದಸರಾ ಮುಗಿಸಿದ ಆನೆಗಳನ್ನು ಲಾರಿ ಹತ್ತಿಸಿ ಅಲ್ಲಿಗೆ ಮತ್ತೆ ಕಳಿಸುತ್ತಾರೆ.